ಪಾಳಿ ಹಿಡಿದ ಬುಟ್ಟಿಗಳು

ನನ್ನ ಸೊಸೆ ಜಲಜಳಿಗೆ ಏನೂ ಇಲ್ಲ. ಕಲೆ ಇಲ್ಲ, ಕ್ಯಾನ್ಸರಿನ ನೆರಳೂ ಇಲ್ಲ. ಇವತ್ತು ಬೆಳಿಗ್ಗೆ ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿ ಹೇಳಿದರು. ಬೈಂದೂರಿಗೆ ವಾಪಸು ಬರುವ ಬಸ್ಸಿನಲ್ಲಿ ಈ ಸುದ್ದಿಯನ್ನು ಪಕ್ಕದ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ, ಕೊನೆಗೆ ಕಂಡಕ್ಟರನಿಗೂ ಹೇಳಿದೆ. ಅವನು, "ಒಳ್ಳೇದಾಯ್ತ್ ಅಜ್ಜಿ, ಬುಟ್ಟಿ ಸ್ವಲ್ಪ ಆಚಿಗ್ ಇಡಿ" ಅಂದ. ಈಗ ನಿಮ್ಮ ಸರದಿ. ನೀವಾದರೂ ಬುಟ್ಟಿಯ ತಕರಾರು ಎತ್ತುವುದಿಲ್ಲ ಎಂದು ನಂಬಿದ್ದೇನೆ.

ಆಸ್ಪತ್ರೆಗೆ ಬುಟ್ಟಿ ಯಾಕೆ ಅನ್ನಬೇಡಿ. ಜೀವಮಾನವಿಡೀ ಮೀನು ಮಾರಿದವಳು ನಾನು. ಬುಟ್ಟಿಯಿಲ್ಲದೆ ಬಸ್ಸು ಹತ್ತಿದರೆ ಸೀರೆಯುಡದೆ ಹತ್ತಿದ ಹಾಗಾಗುತ್ತದೆ. ಡಾಕ್ಟರಮ್ಮ ಕೊಟ್ಟ ಕಾಗದವೂ ಅದರಲ್ಲೇ ಮನೆಗೆ ಬಂತು. ಸಂಜೆ ಜಗಲಿಯಲ್ಲಿ ಕೂತು ತೆಗೆದರೆ ಕಾಗದಕ್ಕೆಲ್ಲ ಬಂಗುಡೆ ವಾಸನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಂಗ್ಲಿಷ್ ಕಾಗದವನ್ನು ಮೂಸಿಯೇ ತಿಳಿಯಬೇಕು. ಮೂಸಿದೆ. ಹೋದ ವರ್ಷದ ಆ ಒಂಬತ್ತು ಬುಟ್ಟಿಗಳು ಕಣ್ಣೆದುರು ಬಂದು ಸಾಲಾಗಿ ಕೂತವು.

ನಮ್ಮ ಕಡಲಬದಿಯ ಕ್ರಮ ಹೀಗೆ: ದೋಣಿ ದಡಕ್ಕೆ ಬರುವ ಮುಂಚೆ ಹೆಂಗಸರು ಬುಟ್ಟಿಯನ್ನು ಸಾಲಿನಲ್ಲಿ ಇಟ್ಟು ಹೋಗುತ್ತೇವೆ. ಬುಟ್ಟಿ ಇದ್ದರೆ ನಾವೇ ಇದ್ದ ಹಾಗೆ. ಆಮೇಲೆ ಚಾ ಕುಡಿಯಬಹುದು, ಜಗಳ ಮಾಡಬಹುದು, ಜಗಳ ಮುಗಿಸಲು ಇನ್ನೊಂದು ಚಾ ಕುಡಿಯಬಹುದು. ಇನ್ನೊಬ್ಬಳ ಬುಟ್ಟಿಯನ್ನು ಯಾರೂ ಸರಿಸುವುದಿಲ್ಲ. ಗಂಡನ ಮಾತು ನಂಬದವಳೂ ಬುಟ್ಟಿಯ ಸಾಲನ್ನು ನಂಬುತ್ತಾಳೆ.

ಹೋದ ವರ್ಷ ನಮ್ಮೂರ ಆಶಾ ಕಾರ್ಯಕರ್ತೆ ಗುಲಾಬಿ ಮನೆಮನೆಗೆ ಬಂದಳು. ಅಂಗನವಾಡಿಯಲ್ಲಿ ಹೆಂಗಸರ ಕ್ಯಾನ್ಸರ್ ತಪಾಸಣೆ, ಬೆಳಿಗ್ಗೆ ಹತ್ತಕ್ಕೆ. ಬಾಯಿ, ಎದೆ, ಗರ್ಭಕೋಶದ ಬಾಯಿ, ಎಲ್ಲ ನೋಡುತ್ತಾರಂತೆ.

"ನನ್ನ್ ಬಾಯಿ ಇಡೀ ಊರೇ ಕಂಡಿತ್," ಅಂದೆ.

"ಇನ್ನೊಂದ್ ಕಾಣ್ಲಿಲ್ಲೆ ಅಲ್ದಾ?" ಅಂದಳು ಗುಲಾಬಿ.

ನೆರೆಮನೆಯ ಸುಬ್ಬಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು, "ಹ್ವಾಯ್, ಐದ್ ಮಕ್ಳನ್ನ್ ಹೆತ್ತದ್ದ್ ನಾನ್. ನನ್ ಗಂಡನೇ ದೀಪ ಹಚ್ಚಿ ಕಾಣ್ಲಿಲ್ಲೆ. ಇವ್ರ್ ಟಾರ್ಚ್ ಹಾಕಿ ಕಾಂತ್ರಾ?" ಅಂದಳು.

ಗುಲಾಬಿ ಮೂರನೇ ಸಲ ಬರುವಷ್ಟರಲ್ಲಿ ನಮ್ಮ ನಾಚಿಕೆ ಸವೆದಿತ್ತು. ಉಳಿದ ತೊಡಕು ಹತ್ತು ಗಂಟೆಯದು. ಹತ್ತಕ್ಕೆ ನಾವು ಬೈಂದೂರಿನ ಮನೆಗಳೆದುರು ಮೀನು ಕೂಗುತ್ತಿರುತ್ತೇವೆ. ನಾಳೆ ಮಾರುತ್ತೇನೆ ಅಂದರೆ ಮೀನು ಕೇಳುವುದಿಲ್ಲ. ಉಪಾಯ ಹೊಳೆದದ್ದು ನನ್ನ ತಲೆಗೇ. ನಾವು ಒಂಬತ್ತು ಮಂದಿ ಮನೆಯ ಹಳೆ ಬುಟ್ಟಿಗಳನ್ನು ಮುಂಜಾನೆಯೇ ಅಂಗನವಾಡಿಯ ಎದುರು ಸಾಲಾಗಿ ಇಟ್ಟರೆ ಪಾಳಿ ಗಟ್ಟಿ. ನಾಯಿ ಎಳೆಯದ ಹಾಗೆ ಕಾಯಲು ಜಲಜಳನ್ನು ಕೂರಿಸಿದೆವು. ಏಡಿ ಕಚ್ಚಿ ಬೆರಳು ಊದಿದ್ದ ಅವಳಿಂದ ಅಂದು ಬೇರೆ ಕೆಲಸ ಆಗುವಂತಿರಲಿಲ್ಲ. ಅವಳ ಬುಟ್ಟಿ ಸಾಲಿನಲ್ಲಿ ಇರಲಿಲ್ಲ. ಮೂವತ್ತನಾಲ್ಕರ ಗಟ್ಟಿ ಹೆಂಗಸಿಗೆ ಎಂತ ತಪಾಸಣೆ ಎಂದು ತೀರ್ಮಾನಿಸಿದವಳೂ ನಾನೇ.

ಮುಂದಿನದು ಜಲಜ ಹೇಳಿದ್ದು. ತಪಾಸಣೆ ಮಾಡುವ ಸಿಸ್ಟರ್ ಹೊರಗೆ ಬಂದು ಬುಟ್ಟಿಗಳನ್ನು ನೋಡಿ, "ಇದೆಂತ, ಮೀನ್ ಮಾರ್ಕೆಟ್ಟಾ?" ಅಂದರಂತೆ.

"ಅಲ್ಲ ಸಿಸ್ಟರೇ. ಇದ್ ಸುಬ್ಬಕ್ಕ, ಇದ್ ನಮ್ಮತ್ತೆ. ಮೀನ್ ಮುಗ್ಸ್ಕಂಡ್ ಬತ್ತ್ರ್."

"ಬುಟ್ಟಿನ ಮಲಗ್ಸಿ ಪರೀಕ್ಷೆ ಮಾಡೂಕ್ ಆತ್ತಾ? ನೀನ್ ಬಾ ಒಳ್ಗೆ."

"ನನ್ನ್ ಬುಟ್ಟಿ ಈ ಸಾಲಂಗೆ ಇಲ್ಲೆ."

"ನೀನೇ ಇದ್ಯಲ್ಲ ಮಾರಾಯ್ತಿ."

ನಾವು ಬಂದದ್ದು ಮಧ್ಯಾಹ್ನ ಮೂರಕ್ಕೆ. ಸಿಸ್ಟರ್ ಹೋಗಿಯಾಗಿತ್ತು. ಬುಟ್ಟಿಗಳು ಒಂದಿಂಚೂ ಅಲುಗಿರಲಿಲ್ಲ. ಜಲಜ ಮೆಟ್ಟಿಲ ಮೇಲೆ ಒಂದು ಚೀಟಿ ಹಿಡಿದು ಕೂತಿದ್ದಳು.

"ಅತ್ತೆ, ಒಳ್ಗೆ ಬಿಳಿ ಕಲೆ ಇತ್ತಂಬ್ರ್. ಕುಂದಾಪ್ರ ಆಸ್ಪತ್ರಿಗ್ ಹೋಯ್ಕಂಬ್ರ್."

"ಬಿಳಿ ಅಲ್ದಾ? ಕಪ್ಪಲ್ಲ ಅಲ್ದಾ? ಬಿಡ್," ಅಂದೆ. ನನ್ನ ವೈದ್ಯಕೀಯ ಅಷ್ಟೇ.

ನಮ್ಮ ಮನೆಯಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯಲ್ಲಿ. ನನ್ನ ಅತ್ತೆ ನನಗೆ ಮಾಡಿದ್ದನ್ನು ನಾನು ತೊಳೆಯದೆ ಇವಳಿಗೆ ದಾಟಿಸಿದ್ದೆ. ಅಂದು ರಾತ್ರಿ ನೀರಿಗೆಂದು ಒಳಗೆ ಹೋದರೆ ಜಲಜ ತಟ್ಟೆಯೆದುರು ಸುಮ್ಮನೆ ಕೂತಿದ್ದಾಳೆ. ತಲೆ ಎತ್ತದೆ ಕೇಳಿದಳು:

"ಅತ್ತೆ, ಶ್ರಾವ್ಯಂಗೆ ಜಡೆ ಹಾಕೂಕ್ ನಿಮ್ಗ್ ಬತ್ತಾ?"

ಶ್ರಾವ್ಯ ನನ್ನ ಮೊಮ್ಮಗಳು, ಆಗ ನಾಲ್ಕನೇ ಕ್ಲಾಸು. ನೀರು ಮರೆತು ಬರಿಗೈಯಲ್ಲೇ ಹೊರಗೆ ಬಂದೆ.

ಮರುದಿನ ಮೀನಿಗೆ ಹೋಗಲಿಲ್ಲ. ಅವಳನ್ನು ಕರೆದುಕೊಂಡು ಕುಂದಾಪುರಕ್ಕೆ ಹೋದೆ. ಡಾಕ್ಟರಮ್ಮ ನನಗೂ ತಿಳಿಯುವ ಹಾಗೆ ಹೇಳಿದರು: ಒಳಗೆ ಹುಳಿ ನೀರಿನಂಥದ್ದು ಹಚ್ಚುತ್ತಾರೆ, ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಹುಳಿ ಹಚ್ಚಿದ ಮೀನು ಬೆಳ್ಳಗಾಗುವುದನ್ನು ದಿನಾ ನೋಡುವವಳಿಗೆ ಅರ್ಥವಾಗದೇ? ಇದು ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು ಅಂದರು. ಬಿಸಿ ತಾಗಿಸಿ ಆ ಜಾಗವನ್ನು ಸುಟ್ಟರು. ಅಂದೇ ಬಸ್ಸು ಹತ್ತಿ ಮನೆಗೆ ಬಂದೆವು. ಒಂದು ವರ್ಷ ಬಿಟ್ಟು ಬನ್ನಿ, ಆಗ ನೋಡಿ ಹೇಳುತ್ತೇವೆ ಅಂದಿದ್ದರು.

ಆ ವರ್ಷವಿಡೀ ನಾನು ಜಡೆ ಹಾಕಲು ಕಲಿತೆ. ಅಜ್ಜಿಗೆ ಮೊಮ್ಮಗಳ ಮೇಲೆ ಎಷ್ಟು ಪ್ರೀತಿ ಎಂದು ಊರು ಹೊಗಳಿತು. "ಅಜ್ಜಿ, ಇದ್ ಜಡ್ಯಾ, ಬಲೆ ಹಗ್ಗವಾ?" ಎಂದು ಶ್ರಾವ್ಯ ಅಳುತ್ತಾ ಶಾಲೆಗೆ ಹೋದಳು. ಈ ವಿದ್ಯೆ ನನಗೆ ಎಂದೂ ಬೇಕಾಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹೆಣೆದೆ. ಅತ್ತ ನಮ್ಮ ಬುಟ್ಟಿಗಳನ್ನು ಕಂಡ ಸಿಸ್ಟರು, ಮುಂದಿನ ತಪಾಸಣೆಯನ್ನು ಮಧ್ಯಾಹ್ನ ಮೂರಕ್ಕೆ, ಮೀನು ಹರಾಜಿನ ಶೆಡ್ಡಿನ ಪಕ್ಕದಲ್ಲೇ ಇಟ್ಟರು. ಸುಬ್ಬಕ್ಕ ಸಮೇತ ಎಂಟು ಮಂದಿ ಹೋಗಿ ಬಂದರು. ನನಗೆ ಅಂದು ಸೊಂಟನೋವು. ಅದರ ಮುಂದಿನ ಸಲ ತಲೆನೋವು.

ಇವತ್ತು ಸಂಜೆ ಮಗ ರಮೇಶ ದೋಣಿಯಿಂದ ದೊಡ್ಡ ಅಂಜಲ್ ಮೀನು ತಂದ. ಉಣ್ಣುವ ಹೊತ್ತಿಗೆ ಜಲಜ ಎಂದಿನಂತೆ ಸೌಟು ಹಿಡಿದು ನಿಂತಳು. ನಾನು ಸೌಟು ಕಿತ್ತುಕೊಂಡು ಪಾತ್ರೆಯನ್ನೇ ನಡುವೆ ಎಳೆದಿಟ್ಟೆ.

"ಕೂಕೊ. ಇವತ್ತ್ ಸಾಲಂಗೆ ನೀನೇ ಮೊದ್ಲ್."

ಅವಳು ಗಂಡನ ಮುಖ ನೋಡಿದಳು. ಅವನು ಸರಿದು ಜಾಗ ಮಾಡಿದ. ಶ್ರಾವ್ಯ ಅಮ್ಮನಿಗೆ ಅಂಟಿಕೊಂಡು ಕೂತು, "ಅಜ್ಜಿ, ನಾಳಿಂದ ಜಡೆ ಅಮ್ಮನೇ ಹಾಕುದ್ ಅಲ್ದಾ?" ಅಂದಳು. ಕೆಲಸ ಕಳೆದುಕೊಂಡು ಇಷ್ಟು ಖುಷಿಪಟ್ಟವರು ಲೋಕದಲ್ಲಿ ಇರಲಿಕ್ಕಿಲ್ಲ.

"ಅತ್ತೆ, ಈ ಶುಕ್ರವಾರ ತಪಾಸಣೆ ಇತ್ತ್," ಅಂದಳು ಜಲಜ. "ಬುಟ್ಟಿ ಕಳ್ಸಿರೆ ಆತ್ತಿಲ್ಲೆ."

"ಬತ್ತೆ," ಅಂದೆ. ಮೀನಿನ ನಡುತುಂಡನ್ನು ಅವಳ ತಟ್ಟೆಗೆ ಹಾಕಿ ಪಕ್ಕದಲ್ಲೇ ಕೂತೆ. ಅವಳು ಏಳದೆ, ಕೂತಲ್ಲಿಂದಲೇ ಕೈ ಚಾಚಿ ನನಗೆ ಸಾರು ಬಡಿಸಿದಳು.