ಅತ್ತೆಯ ರೇಡಿಯೊ, ನನ್ನ ಹೆಡ್‌ಫೋನ್

ಗೆಳೆಯರೇ, ಇವತ್ತು ಬಿಬವೇವಾಡಿಯ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ದುಬಾರಿ ಓಪನ್-ಬ್ಯಾಕ್ ಹೆಡ್‌ಫೋನ್ ಕಿವಿಗೇರಿಸಿ, ಹಿಂದೂಸ್ತಾನಿ ಕೇಳುತ್ತ ತಲೆದೂಗುತ್ತಿದ್ದೆ. "ಸರ್, ಯಾಚಾ ಆವಾಜ್ ಬಾಹೇರ್ ಯೇತೋ," ಎಂದು ಅಂಗಡಿಯವ ಮರಾಠಿಯಲ್ಲಿ ಎಚ್ಚರಿಸಿದ. ಇದರ ಸದ್ದು ಹೊರಗೆ ಬಂದು ಪಕ್ಕದವರಿಗೂ ಕೇಳಿಸುತ್ತದಂತೆ. ಹಾಗಾದರೆ ಬೇಡವೆಂದು ತೆಗೆದಿಟ್ಟೆ.

ಜೊತೆಗೆ ಬಂದಿದ್ದ, ನಮ್ಮಲ್ಲೇ ಇರುವ ಧಾರವಾಡದ ಅತ್ತೆ, ನನ್ನ ಹೆಂಡತಿಯ ತಾಯಿ, ಮೆಲ್ಲಗೆ ಅಂದರು: "ಅದನ್ನ ತೊಗೊರಿ ಅಳಿಯಂದ್ರ. ನಾ ಬಾಜೂಕ ಕಾಯಿಪಲ್ಲೆ ಹೆಚ್ಚಕೋತ ಕೂಡ್ತೀನಿ. ನನಗೂ ಒಂದೀಟು ಕೇಳಸ್ತದ."

ಮನೆಯಿಂದಲೇ ಮಾಡುವ ಆಫೀಸಿನ ಕೆಲಸಕ್ಕೆ ತೊಂದರೆಯೆಂದು ನಾನು ಅವರ ರೇಡಿಯೊ ಬಂದ್ ಮಾಡಿಸಿ ಎರಡು ತಿಂಗಳಾಗಿತ್ತು. ಅವರು ಒಮ್ಮೆಯೂ ದೂರಲಿಲ್ಲ. ಅಳಿಯನ ಎದುರು ಬಾಯಿ ಬಿಡುವವರ ಪೈಕಿಯಲ್ಲ.

ತಲೆ ತಗ್ಗಿಸಿ ಅದನ್ನೇ ಕೊಂಡೆ. ಮನೆಗೆ ಬಂದವನೇ ಅವರ ರೇಡಿಯೊ ಹಚ್ಚಲು ಹೋದೆ. ಹತ್ತಲಿಲ್ಲ. ಅದರ ಸೆಲ್ಲುಗಳು ನನ್ನ ಮೌಸ್‌ನಲ್ಲಿದ್ದವು.