ದೇಬೋರಾ ಬಾಯೋರ ಬುಧವಾರದ ಪಾಠ

ಭಾಲ್ಕಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಬೆಳಗಿನ ಐದೂಮುಕ್ಕಾಲಿಗೆ ಅಲ್ಲಿ ಪಾಠ ಶುರುವಾಗುತ್ತದೆ. ಒಂಬತ್ತು ವರ್ಷದ ಅರ್ಫಾತ ಓದುವುದು ಈ ಹೊತ್ತಿನಲ್ಲಿ ಮಾತ್ರ. ಏಳಕ್ಕೆ ಅವನ ತಂದೆ ಅಬ್ದುಲ ಖಾದರ ಕೆಳಗೆ ಗಿರಣಿ ಚಾಲೂ ಮಾಡುತ್ತಾರೆ. ಆ ಸದ್ದು ಕೇಳಿದರೆ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಾನೆ. ಮತ್ತೆ ಅವನನ್ನು ಈ ಕಡೆ ತಿರುಗಿಸುವುದು ಯಾರಿಂದಲೂ ಆಗದ ಮಾತು. ಅದಕ್ಕೆಂದೇ ದೇಬೋರಾ ಟೀಚರು ಮಂಗಳವಾರ ಸಂಜೆ ಬೀದರದ ಮೈಲೂರಿನಿಂದ ಬಂದು, ತಂಗಿಯ ಮನೆಯಲ್ಲಿ ಮಲಗಿ, ಬುಧವಾರ ಕತ್ತಲಿರುವಾಗಲೇ ಈ ಮೆಟ್ಟಿಲು ಹತ್ತುತ್ತಾರೆ.

ಮುಂದೆ ಮೂರು ಬಟ್ಟಲು: ಜೋಳ, ಗೋಧಿ, ಕಡಲೆ. ಅರ್ಫಾತ ಮಾತನಾಡುವುದಿಲ್ಲ, ಆದರೆ ಗಿರಣಿಯ ಮಗನಿಗೆ ಕಾಳು ಗೊತ್ತು. ಯಾವ ಕಾಳಿಗೆ ಯಾವ ಅಕ್ಷರದ ಚೀಟಿ ಎಂದು ಇಡುವುದು ಅವನ ಪಾಠ. ಗೋಧಿಯ ಮೇಲೆ ಚೀಟಿ ಬಿದ್ದಿದೆ, ಕೈ ಕಡಲೆಯ ಕಡೆ ಹೊರಟಿದೆ, ಅಷ್ಟರಲ್ಲಿ ಕೆಳಗೆ ಗಿರಣಿ ಗುಡುಗುತ್ತದೆ. ಗಡಿಯಾರದಲ್ಲಿ ಇನ್ನೂ ಆರೂವರೆ. ಹುಡುಗ ಗೋಡೆಯ ಪಾಲಾಗುತ್ತಾನೆ. ಟೀಚರು ಮೆಟ್ಟಿಲಿಳಿದು ಹೋಗುತ್ತಾರೆ.

"ಖಾದರ ಭಾಯಿ, ಏಳು ಅಂದ್ರ ಏಳಲ್ಲೇನ್ರಿ? ನಿಮ್ಮ ಗಡಿಯಾಳ ಬ್ಯಾರೇ ಅದೇನು?"

"ಮಾಫ್ ಮಾಡ್ರಿ ಆಪಾ. ಮದುವಿ ಮನಿ ಗೋಧಿ ಬಂದದ. ತಲಿ ಮ್ಯಾಲೆ ಕುಂತಾರ."

"ಮದುವಿ ಮನಿಯವ್ರು ಅರ್ಧಾ ತಾಸು ನಿಂತ್ರ ಮದುವಿ ನಿಲ್ಲಲ್ಲ. ನಿಮ್ಮ ಮಗಾ ನಿಂತ್ರ ಒಂದು ವಾರ ನಿಲ್ತಾನ!"

ಖಾದರ ಗಿರಣಿ ನಿಲ್ಲಿಸುತ್ತಾರೆ. ಪಾಠ ಮಾತ್ರ ಅಲ್ಲಿಗೇ ಮುಗಿದಿದೆ.

ದೇಬೋರಾ ಅವರಿಗೆ ಐವತ್ತೇಳು. ಇಪ್ಪತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಮೇಲೊಂದು ತರಬೇತಿ ಪಡೆದು, ಹನ್ನೊಂದು ವರ್ಷದಿಂದ ಶಾಲೆಗೆ ಹೋಗಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುತ್ತಿದ್ದಾರೆ. ಯಾವ ಮಗುವಿಗೆ ಮನೆಪಾಠ ಎಂಬುದನ್ನು ಶಿಕ್ಷಣ ಕಚೇರಿಯ ಪಟ್ಟಿ ಹೇಳುತ್ತದೆ. ಬೀದರದಲ್ಲಿ ಮೂವರು, ಭಾಲ್ಕಿಯಲ್ಲಿ ಮೂವರು, ಔರಾದದಲ್ಲಿ ಇಬ್ಬರು, ಹೀಗೆ ಒಟ್ಟು ಎಂಟು ಮಕ್ಕಳು. ವಾರಕ್ಕೆ ಹದಿನಾಲ್ಕು ಬಸ್ಸು. ಚೀಲದಲ್ಲಿ ಪಠ್ಯಪುಸ್ತಕ ಒಂದೂ ಇಲ್ಲ; ಬಟ್ಟಲು, ಗುಂಡಿ, ನೂಲಿನ ಉಂಡೆ, ಊಟದ ಡಬ್ಬಿ. ಮಗುವಿಗೆ ಮನೆಯಲ್ಲಿ ಏನು ಗೊತ್ತಿದೆಯೋ ಅಲ್ಲಿಂದಲೇ ಹೊರಡಬೇಕು ಎಂಬುದೊಂದೇ ಅವರ ವಿಧಾನ.

ಪತಿ ಪ್ರಭುದಾಸ ತೀರಿಕೊಂಡು ಹದಿನಾಲ್ಕು ತಿಂಗಳಾಗಿದೆ. ಚರ್ಚಿನ ಸಭೆಯವರು ಇನ್ನು ಮನೆಯಲ್ಲಿ ಇರಿ ಎಂದು ಹೇಳಿದ್ದುಂಟು. "ಮನ್ಯಾಗ ಕುಂತ್ರ ಎದಿ ಒಡೀತದ್ರಿ. ಬಸ್ಸಿನಾಗ ಕುಂತ್ರ ಬರೇ ಸೊಂಟ ನೋಯ್ತದ," ಎನ್ನುತ್ತಾರೆ ಅವರು.

ಔರಾದದ ಬಸ್ಸು ಹತ್ತಿದ ಮೇಲೆ ಅವರು ಚೀಲದಿಂದ ಒಂದು ಕಾಗದ ತೆಗೆಯುತ್ತಾರೆ. ಈ ವರ್ಷದ ಪಟ್ಟಿ, ಊರವರ ಬಾಯಲ್ಲಿ ಯಾದಿ. ಅದರಲ್ಲಿ ಔರಾದದ ಉಜ್ವಲಾಳ ಹೆಸರಿಲ್ಲ. ಪಟ್ಟಿಯಲ್ಲಿ ಇಲ್ಲದ ಮಗುವಿನ ಮನೆಗೆ ಹೋಗಕೂಡದು ಎಂದು ಕೆಳಗೆ ಒಂದು ಸಾಲು. ಮೂರನೆಯ ಹೆಸರು ಬೀದರದ ನೌಬಾದದ ಜೋಯಲನದು. ಜೋಯಲ ಜನವರಿಯಲ್ಲಿ ಮೂರ್ಛೆ ಬಂದು ದೇವರ ಪಾದ ಸೇರಿದ. ಅವನ ಶವಪೆಟ್ಟಿಗೆಯ ಹಿಂದೆ ದೇಬೋರಾ ನಡೆದಿದ್ದಾರೆ, ಕಚೇರಿಗೆ ಎರಡು ಸಲ ಬರೆದುಕೊಟ್ಟಿದ್ದಾರೆ.

"ಸತ್ತ ಕೂಸಿನ ಮನಿಗಿ ಹೋಗ್ರಿ ಅಂತಾರ, ಬದುಕಿದ ಕೂಸಿನ ಮನಿಗಿ ಬ್ಯಾಡ ಅಂತಾರ. ಯಾರ ಮುಂದ ಹೇಳ್ಲಿ? ದೇವ್ರ ಮುಂದ ಹೇಳೀನಿ. ಆತಗ ತಿಳದದ. ಕಚೇರಿಗಿ ತಿಳೀವಲ್ದು."

ಉಜ್ವಲಾಳಿಗೆ ಹನ್ನೊಂದು ವರ್ಷ. ಹುಟ್ಟಿನಿಂದಲೇ ಕೈಕಾಲು ಬಿಗಿದ ಮಗು; ತಾನಾಗಿ ಕೂರಲಾರಳು, ಮಾತು ತೊದಲು. ತಂದೆತಾಯಿ ಹೊಲಕ್ಕೆ ಹೋದರೆ ಅಜ್ಜಿ ಅನುಸೂಯಾಬಾಯಿಯ ಕೈಯಲ್ಲಿ ಇರುತ್ತಾಳೆ. ಶಾಲೆ ಮನೆಯಿಂದ ಎರಡು ಓಣಿ ದೂರ. ಒಂದು ದಿನವೂ ಅವಳು ಅದನ್ನು ಕಂಡಿಲ್ಲ. ಆದರೂ ಗೋಡೆಯ ಮೇಲೆ, ಬುದ್ಧನ ಪಟದ ಕೆಳಗೆ, ಕಟ್ಟು ಹಾಕಿಸಿದ ಒಂದು ಪ್ರಶಸ್ತಿ ಪತ್ರ ತೂಗುತ್ತಿದೆ: ಒಂದು ದಿನವೂ ತಪ್ಪದೆ ಶಾಲೆಗೆ ಹಾಜರಾದ ವಿದ್ಯಾರ್ಥಿನಿ.

ಇದು ಮುಖ್ಯೋಪಾಧ್ಯಾಯ ನರಸಿಂಗ ಮಾಸ್ತರರ ಕರುಣೆಯ ಫಲ. ಬಹಳ ದಿನ ಗೈರುಹಾಜರಾದರೆ ಹೆಸರು ಹೋದೀತು, ಹೆಸರಿನ ಜೊತೆಗೆ ಸಮವಸ್ತ್ರ, ಪುಸ್ತಕ, ಮೊಟ್ಟೆ ಎಲ್ಲ ಹೋದಾವು ಎಂದು ಹೆದರಿ ಅವರು ಎರಡು ವರ್ಷ ದಿನವೂ ಉಜ್ವಲಾಳ ಹಾಜರಿ ಹಾಕಿದರು. ಅಜ್ಜಿ ಡಬ್ಬಿ ಹಿಡಿದು ಹೋಗಿ ಮೊಟ್ಟೆ ತಂದರು. ವರ್ಷದ ಕೊನೆಗೆ ಹಾಜರಿ ಪುಸ್ತಕ ನೋಡಿ ಯಾರೋ ಪ್ರಶಸ್ತಿ ಪತ್ರವನ್ನೂ ಬರೆದರು. ಕಚೇರಿಯ ಗಣಕಯಂತ್ರ ಅದೇ ಹಾಜರಿಯನ್ನು ನೋಡಿತು: ದಿನಾ ಶಾಲೆಗೆ ಬರುವ ಹುಡುಗಿಗೆ ಮನೆಪಾಠ ಏಕೆ? ಹೆಸರು ಹೋಯಿತು.

"ನಾ ಪುಣ್ಯದ ಕೆಲಸಾ ಮಾಡ್ಲತೀನಿ ಅಂದ್ಕೊಂಡಿದ್ದೆ, ಬಾಯೋರ," ಎಂದಿದ್ದರು ನರಸಿಂಗ ಮಾಸ್ತರು.

"ನಿಮ್ಮ ಪುಣ್ಯ ಬಂದು ನನ್ನ ಕೊರಳಿಗಿ ಬಿದ್ದದ, ಮಾಸ್ತರ."

ಎರಡು ತಿಂಗಳು ಅರ್ಜಿ ಹಿಡಿದು ಓಡಾಡಿದ ಮೇಲೆ ಕಚೇರಿಯ ಸಾಹೇಬರು ತಾವೇ ಬಂದು ನೋಡುತ್ತೇನೆಂದು ಒಪ್ಪಿದ್ದಾರೆ. ಅದು ಈ ಬುಧವಾರ. ಅವರ ಒಂದು ಮಾತಿನ ಮೇಲೆ ಉಜ್ವಲಾಳ ಪಾಠ ಉಳಿಯಬೇಕು, ಇಲ್ಲವೇ ನಿಲ್ಲಬೇಕು.

ಟೀಚರು ಹೊಸ್ತಿಲು ದಾಟುತ್ತಲೇ ಅನುಸೂಯಾಬಾಯಿ ಸೆರಗು ಹಿಡಿದು ಪಕ್ಕಕ್ಕೆ ಎಳೆಯುತ್ತಾರೆ. "ಬಾಯೋರ, ಇವತ್ತೊಂದಿನ ಆಕಿ ಕೈಗಿ ಪೆನ್ಸಿಲ ಕೊಡಬ್ಯಾಡ್ರಿ. ಏನೂ ಬರಲ್ಲ ಅಂದ್ರ ಸಾಹೇಬ್ರಿಗಿ ಕನಿಕರ ಬರ್ತದ. ಯಾದಿನಾಗ ಹೆಸರು ಹಾಕ್ತಾರ."

"ನಾಕು ವರ್ಷ ಕಲ್ಸೀನಿ. ಇವತ್ತ ಬರಲ್ಲ ಅನ್ಲೇನು?"

"ಹೆಸರು ಬಂದ ಮ್ಯಾಲೆ ಬರೀಲಿ ತಗೊಳ್ರಿ. ಎಲ್ಲಿ ಓಡಿ ಹೋಗ್ತದ ಬರಿಯೋದು?"

ದೇಬೋರಾ ಸೆರಗು ಬಿಡಿಸಿಕೊಳ್ಳುತ್ತಾರೆ. ಅಜ್ಜಿಯ ಮಾತಿನಲ್ಲಿ ತಥ್ಯವಿದೆ, ಅದೇ ಅವರ ಸಂಕಟ. ಪೆನ್ಸಿಲು ಚೀಲದಲ್ಲೇ ಉಳಿಯುತ್ತದೆ.

ಹನ್ನೊಂದರ ಸುಮಾರಿಗೆ ಸಾಹೇಬರು ಬರುತ್ತಾರೆ. ಜೊತೆಗೆ ಒಬ್ಬ ಗುಮಾಸ್ತ, ಹಿಂದೆ ನರಸಿಂಗ ಮಾಸ್ತರು. ಸಾಹೇಬರು ಒಳ್ಳೆಯವರೇ, ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಗೋಡೆಗೆ ಒರಗಿಸಿ, ಸುತ್ತ ದಿಂಬು ಇಟ್ಟು ಕೂರಿಸಿದ ಹುಡುಗಿಯನ್ನು ನೋಡುತ್ತಾರೆ, ಕೆಲವು ಪ್ರಶ್ನೆ ಕೇಳುತ್ತಾರೆ. ಉಜ್ವಲಾ ಉತ್ತರ ಕೊಡುತ್ತಾಳೆ. ಅವರಿಗೆ ಒಂದೂ ತಿಳಿಯುವುದಿಲ್ಲ. ಅವರ ಮುಖದಲ್ಲಿ ಕನಿಕರ ಮೂಡುತ್ತದೆ. ಅಜ್ಜಿ ಕಣ್ಣಲ್ಲೇ ಟೀಚರಿಗೆ ಸಮಾಧಾನ ಹೇಳುತ್ತಾರೆ.

"ಅರ್ಜಿ ಮ್ಯಾಲೆ ಅಂಗುಠಾ ತಗೋ," ಎನ್ನುತ್ತಾರೆ ಸಾಹೇಬರು. ಗುಮಾಸ್ತ ಮಸಿಯ ಡಬ್ಬಿ ತೆರೆದು ಹುಡುಗಿಯ ಬಿಗಿದ ಹೆಬ್ಬೆರಳನ್ನು ಹಿಡಿದು ಬಿಡಿಸತೊಡಗುತ್ತಾನೆ. ಉಜ್ವಲಾ ಕೈಯನ್ನು ಎದೆಗೆ ಎಳೆದುಕೊಂಡು ಟೀಚರ ಮುಖ ನೋಡುತ್ತಾಳೆ. ಹುಡುಗಿಯ ಕಣ್ಣಲ್ಲಿ ನೋವಿಲ್ಲ, ಸಿಟ್ಟು ಇದೆ.

"ಬಿಡಪ್ಪಾ ಆಕಿ ಕೈ," ದೇಬೋರಾ ಎದ್ದು ನಿಲ್ಲುತ್ತಾರೆ. "ಅಂಗುಠಾ ಬ್ಯಾಡ್ರಿ ಸಾಹೇಬ್ರ. ಆಕಿ ಸಹಿ ಮಾಡ್ತಾಳ."

ಸೈಕಲ್ಲಿನ ಹಿಡಿಯ ರಬ್ಬರು ಚೀಲದಿಂದ ಹೊರಗೆ ಬರುತ್ತದೆ. ಅದರಲ್ಲಿ ಪೆನ್ಸಿಲು ತುರುಕಿದೆ, ಉಜ್ವಲಾಳ ಮುಷ್ಟಿ ಅದನ್ನು ಮಾತ್ರ ಹಿಡಿಯಬಲ್ಲದು. ಟೀಚರು ಅವಳ ಮೊಣಕೈಗೆ ತಮ್ಮ ಅಂಗೈ ಆಧಾರ ಕೊಡುತ್ತಾರೆ, ಅಷ್ಟೇ. ಒಂದಕ್ಷರ ಬರೆಯುವಷ್ಟರಲ್ಲಿ ಹುಡುಗಿಯ ಹಣೆ ಬೆವರುತ್ತದೆ. ಎರಡನೆಯದು ಕಾಗದದ ಗೆರೆ ಬಿಟ್ಟು ಇಳಿಯುತ್ತದೆ. ಹನ್ನೊಂದು ನಿಮಿಷ ಕಳೆಯುತ್ತದೆ. ಅರ್ಜಿಯ ತುಂಬ, ಸಾಹೇಬರು ಷರಾ ಬರೆಯುವ ಜಾಗವನ್ನೂ ನುಂಗಿಕೊಂಡು, ಉಜ್ವಲಾ ಎಂಬ ಹೆಸರು ನಿಂತಿದೆ.

"ಭೇಷ್! ಇಷ್ಟು ಬರೀತಾಳ," ಸಾಹೇಬರು ಸಂತೋಷದಿಂದಲೇ ಹೇಳುತ್ತಾರೆ. ಆಮೇಲೆ ಗೋಡೆಯ ಪ್ರಶಸ್ತಿ ಪತ್ರ ಅವರ ಕಣ್ಣಿಗೆ ಬೀಳುತ್ತದೆ. "ಸಾಲಿಗಿ ದಿನಾ ಬರ್ತಾಳಂತ ಗೋಡಿನೇ ಹೇಳ್ತದ. ಮತ್ತ ಮನಿಗಿ ಟೀಚರ್ ಯಾಕ್ರಿ?"

ಅನುಸೂಯಾಬಾಯಿ ತಲೆಗೆ ಕೈಯಿಟ್ಟುಕೊಳ್ಳುತ್ತಾರೆ. ದೇಬೋರಾ ಅವರ ತಾಳ್ಮೆ ಅಲ್ಲಿಗೆ ಹರಿಯುತ್ತದೆ.

"ಮನಿಗಿ ಬಂದಿದಕ್ಕ ಬರದಾಳ್ರಿ! ಏನೂ ಬರಲ್ಲ ಅಂದ್ರ, ಕಲ್ಸಿ ಏನು ಫಾಯದಾ ಅಂತೀರಿ. ಬರ್ತದ ಅಂದ್ರ, ಕಲ್ಸೋದು ಸಾಕು ಅಂತೀರಿ. ನಾ ಯಾವಾಗ ಕಲ್ಸಬೇಕು, ನೀವೇ ಹೇಳ್ರಿ!"

ಬಾಗಿಲ ಬಳಿ ನಿಂತಿದ್ದ ನರಸಿಂಗ ಮಾಸ್ತರು ಕೆಮ್ಮುತ್ತಾರೆ. ನಿವೃತ್ತಿಗೆ ಅವರಿಗೆ ಇನ್ನು ಎಂಟು ತಿಂಗಳು. "ಸಾಹೇಬ್ರ, ಈ ಕೂಸು ಒಂದಿನಾನೂ ಸಾಲಿಗಿ ಬಂದಿಲ್ಲ. ಹಾಜರಿ ನಾ ಹಾಕೀನಿ. ಬರದು ಕೊಡ್ತೇನಿ."

"ನಿಮ್ಗ ನೋಟಿಸ್ ಬರ್ತದ, ಮಾಸ್ತರ."

"ಬರ್ಲಿ. ನಂದು ಕೈಕಾಲು ನೆಟ್ಟಗ ಅದಾವ, ಕಚೇರಿಗಿ ಬರ್ತೇನಿ."

ಮಾಸ್ತರು ಅಲ್ಲೇ ಕೂತು ಬರೆದುಕೊಡುತ್ತಾರೆ. ಸಾಹೇಬರು ಎರಡೂ ಕಾಗದ ಮಡಚಿ ಕಡತದಲ್ಲಿಟ್ಟು ಹೊರಡುತ್ತಾರೆ. ಹೊಸ್ತಿಲಲ್ಲಿ ನಿಂತು ಅವರು ಹೇಳುವ ಮಾತು ಇದು: "ಯಾದಿ ತಿದ್ದೋದು ಮುಂದಿನ ತಿಂಗಳು. ಅಲ್ಲಿತನಕ ನೀವು ಬರಬ್ಯಾಡ್ರಿ ಅಂತ ನಾ ಅನ್ನಲ್ಲ. ಬರ್ರಿ ಅಂತೂ ಅನ್ನಂಗಿಲ್ಲ." ದೇಬೋರಾ ಕೈ ಮುಗಿಯುತ್ತಾರೆ.

ಒಳಗೆ ಉಜ್ವಲಾ ಪೆನ್ಸಿಲು ಬಿಟ್ಟಿಲ್ಲ. ಗದ್ದದಿಂದ ಅಜ್ಜಿಯ ಕಡೆ ತೋರಿಸಿ ಏನೋ ಹೇಳುತ್ತಾಳೆ. ಹೊಸಬರಿಗೆ ಅದು ಬರೀ ಸದ್ದು. ದೇಬೋರಾ ನಕ್ಕು, ಬೆಳಗಿನಿಂದ ಹಾಗೇ ಉಳಿದಿದ್ದ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆ ಹರಡುತ್ತಾರೆ.

"ಇನ್ನ ಅವರಜ್ಜಿ ಹೆಸರು ಬರೀತಾಳಂತ್ರಿ. ಅನುಸೂಯಾಬಾಯಿ! ಎಷ್ಟು ಉದ್ದ ಅದ ನೋಡ್ರಿ. ಈಕಿ ಕೈಯಾಗ ಎರಡು ವರ್ಷಕ್ಕ ಕಮ್ಮಿ ಇಲ್ಲ. ಅಷ್ಟು ದಿನಾ ಈಕಿ ಹೆಸರು ಯಾದಿನಾಗ ಇಡ್ಲಿ. ಹೆಚ್ಚೇನು ಕೇಳಲ್ಲ ನಾ."