ಅಕ್ಕನಿಗೆ ಸಿಕ್ಕ ಹಕ್ಕಿಯ ಹೆಸರು

ಮೊನ್ನೆ ಹಾಸನದ ನಮ್ಮ ಮನೆಯೆದುರಿನ ಮೊಬೈಲ್ ಟವರಿನ ಮೇಲೆ ಹಕ್ಕಿಯೊಂದು ಪಾರಿವಾಳವನ್ನು ಕಾಲಡಿ ಒತ್ತಿ ಹಿಡಿದು ಕೂತಿತ್ತು. "ಅದ್ಯಾವ ಹದ್ದು ಮೇಡಂ?" ಎಂದರು ಪಕ್ಕದ ಮನೆಯವರು. "ಹದ್ದಲ್ಲ, ಬೈರಿ" ಎಂದೆ. ಎಂದದ್ದೇ ತಡ, ಅರುವತ್ತು ದಾಟಿದ ನನ್ನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ನಗಬೇಡಿ, ಕಾರಣ ಹೇಳುತ್ತೇನೆ.

ಬೈರಿ ಎಂಬುದು ಅಪ್ಪ ನನ್ನ ಅಕ್ಕನಿಗೆ ಇಟ್ಟಿದ್ದ ಅಡ್ಡಹೆಸರು. ನಮ್ಮೂರು ಮಲ್ಲಿಪಟ್ಟಣದಲ್ಲಿ ನಮ್ಮ ಎಮ್ಮೆ ತಪ್ಪಿಸಿಕೊಂಡರೆ, ಅದು ಯಾರ ಗದ್ದೆಯಲ್ಲಿದೆಯೆಂದು ಅವಳು ಕೆರೆ ಏರಿಯ ಮೇಲೆ ನಿಂತೇ ಹೇಳಿಬಿಡುತ್ತಿದ್ದಳು. "ನನ್ ಬೈರಿ ಕಣವ್ವ ನೀನು!" ಎಂದು ಅಪ್ಪ ಅವಳ ತಲೆ ಸವರುತ್ತಿದ್ದರು. ಪಕ್ಕದಲ್ಲಿ ನಾನೂ ತಲೆ ಒಡ್ಡಿಕೊಂಡು ನಿಲ್ಲುತ್ತಿದ್ದೆ. "ನೀನೂ ಜಾಣೆ ಕಣವ್ವ" ಎನ್ನುತ್ತಿದ್ದರು. ಜಾಣೆಯರು ಊರ ತುಂಬ ಇದ್ದರು, ಬೈರಿ ಒಬ್ಬಳೇ. 'ವೈರಿ'ಯೇ ಜನರ ಬಾಯಲ್ಲಿ ಬೈರಿಯಾಗಿರಬೇಕೆಂದು ಅರ್ಥ ಕಟ್ಟಿಕೊಂಡು ಸಮಾಧಾನಪಟ್ಟೆ.

ಕಾಲೇಜಿನಲ್ಲಿ ಕನ್ನಡ ಕಲಿಸುವವಳಾದ ಮೇಲೆ ನಿಘಂಟುಗಳು ಆ ಸಮಾಧಾನವನ್ನೂ ಕಿತ್ತುಕೊಂಡವು. ಬೈರಿ ಎಂದರೆ ರಾಜರು ಬೇಟೆಗೆ ಪಳಗಿಸುತ್ತಿದ್ದ ಗಿಡುಗ. ಪದ ಬಂದದ್ದು ಪಾರಸಿಯ ದಾರಿಯಾಗಿ. ಮೂಲ ಅರಬ್ಬಿಯ 'ಬಹ್ರ್', ಅಂದರೆ ಕಡಲು. ಅಲ್ಲಿಯವರೆಗೆ ನಾವಿಬ್ಬರೂ ಕಂಡ ದೊಡ್ಡ ನೀರೆಂದರೆ ಹೇಮಾವತಿ. ಈಗ ಅಕ್ಕನ ಪಾಲಿಗೆ ಕಡಲೂ ಬಂತೇ!

ಟವರಿನ ಹಕ್ಕಿ ಇದನ್ನೆಲ್ಲ ಕೆದಕಿತು. ಮರುದಿನವೇ ಅಕ್ಕನಿರುವ ಚನ್ನರಾಯಪಟ್ಟಣಕ್ಕೆ ಹೋದೆ. ಅವಳು ಹಿತ್ತಲಲ್ಲಿ ಕೊಬ್ಬರಿ ಒಣಹಾಕುತ್ತಿದ್ದಳು. ಕಾಫಿ ಕುಡಿಯುತ್ತ ಅವಳ ಹೆಸರಿನ ಕಥೆ ಹೇಳಿ, ಚುಚ್ಚಬೇಕೆಂದಿದ್ದ ಮಾತನ್ನು ಕೊನೆಗೆ ಇಟ್ಟುಕೊಂಡೆ. "ಆ ಹಕ್ಕಿ ಕಣ್ಣಿಗೆ ಟೋಪಿ ಮುಚ್ಚಿ, ಕಾಲಿಗೆ ದಾರ ಕಟ್ಟಿ ಕೈಮೇಲೆ ಕೂರಿಸ್ಕೋತಿದ್ರಂತೆ. ಬೇಟೆ ಆಡೋದು ಅದು, ಮಾಂಸ ರಾಜನಿಗೆ."

ಅಕ್ಕ ಕೋಪಿಸಿಕೊಳ್ಳಲಿಲ್ಲ. "ಅಪ್ಪ ಸರಿಯಾಗೇ ಕರ್ದವ್ರೆ ಕಣೇ" ಎಂದಳು. "ಎಮ್ಮೆ ನೋಡ್ಕಳಕ್ಕೆ ನಾನ್ ಬೇಕು ಅಂತ ಇಸ್ಕೂಲು ಬಿಡುಸುದ್ರು. ನೀನು ಓದಕ್ಕೆ ಅಂತ ಹಾಸನದ ಬಸ್ಸು ಅತ್ತುವಾಗ ಏರಿ ಮ್ಯಾಲೆ ನಿಂತ್ಕಂಡು ನೋಡ್ತಿದ್ದೆ. ನನ್ ಕಣ್ಣು ಚೂಪಲ್ವಾ, ಬಾಳಾ ದೂರದ್ಗಂಟ ಬಸ್ಸು ಕಾಣೋದು. ಒಟ್ಟೆ ಉರ್ದೋಗದು."

ಇಷ್ಟು ವರ್ಷ ನಾನು ಕರುಬಿದವಳು ನನ್ನನ್ನು ಕಂಡು ಕರುಬಿದ್ದಳೇ!

"ಈಗ್ಲೂನಾ ಅಕ್ಕ?" ಎಂದೆ.

"ಇನ್ನೇನು ಮತ್ತೆ? ನನ್ ಹೆಸ್ರಿನ ಅರ್ಥ ಹೇಳಕ್ಕೂ ನೀನೇ ಬರ್ಬೇಕಾಯ್ತಲ್ಲ."

ಸಂಜೆ ನನ್ನನ್ನು ಬಸ್ಸು ಹತ್ತಿಸಲು ಅವಳೂ ಬಂದಳು. "ನಾಕು ದಿನ ಹಾಸನದಲ್ಲಿರು, ಹತ್ತಕ್ಕ" ಎಂದು ಕೈ ಹಿಡಿದು ಎಳೆದೆ. ಕೊಸರಾಡಿದಳು, ಕೊಬ್ಬರಿ ಎತ್ತಿಡಬೇಕೆಂದಳು, ಮಗನಿಗೆ ಫೋನು ಮಾಡಿ ಹೇಳಿದಳು, ಕೊನೆಗೆ ಹತ್ತಿಯೇಬಿಟ್ಟಳು.

ಹತ್ತಿದವಳೇ ನನ್ನನ್ನು ದಾಟಿ ಹೋಗಿ ಕಿಟಕಿಯ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ನನಗೆ ಅಕ್ಕನ ಬೆನ್ನು ಮಾತ್ರ ಕಂಡಿತು. ಹೊಟ್ಟೆ ಸ್ವಲ್ಪ ಉರಿಯಿತು, ಆದರೂ ಸೀಟು ಕೇಳಲಿಲ್ಲ.